ದ್ಯೂತದಲ್ಲಿ ಸೋತದ್ದು ದತ್ತವೇ? : ಬೊಸ್ನಿಯಾಕ್ ಸಮಾಜದ ನಿದರ್ಶನದೊಡನೆ ಒಂದು ವಿಚಾರ

ಸಪ್ತವ್ಯಸನಗಳನ್ನು ಎಣಿಸುವಾಗ ದ್ಯೂತವನ್ನೇ ಮೊದಲಿಗೆ ಹೇಳುವ ಪದ್ಧತಿ ನಮ್ಮ ಶ್ರಾವಕರಿಗೆಲ್ಲ ತಿಳಿದದ್ದು. ಮಾಂಸ, ಮದ್ಯ, ಬೇಟೆ, ಕಳವು ಮೊದಲಾದವುಗಳಿಗಿಂತ ಅದು ಮುಂದೆ ನಿಂತಿರುವುದೇಕೆ ಎಂದು ಕೇಳಿದರೆ, ಉಳಿದ ಆರಕ್ಕೂ ಅದು ಬಾಗಿಲು ತೆರೆಯುತ್ತದೆ ಎಂಬ ಉತ್ತರ ಸಾಮಾನ್ಯವಾಗಿ ಬರುತ್ತದೆ. ಉತ್ತರ ಸರಿಯಾದುದೇ. ಆದರೆ ಅದರ ಮಗ್ಗುಲಲ್ಲೇ ಇರುವ ಇನ್ನೊಂದು ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಜೂಜಿನಲ್ಲಿ ಸೋತವನ ಹಣವು ಗೆದ್ದವನ ಕೈ ಸೇರಿದಾಗ ಅದನ್ನು ಯಾವ ಖಾತೆಗೆ ಬರೆಯಬೇಕು? ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕಳವಿಗೆ ಕೊಟ್ಟಿರುವ ಹೆಸರು ಅದತ್ತಾದಾನ, ಅಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು. ಜೂಜಿನಲ್ಲಾದರೋ ಸೋತವನೇ ತನ್ನ ಕೈಯಾರೆ ಎಣಿಸಿ ಕೊಟ್ಟಿದ್ದಾನೆ. ಬಲಾತ್ಕಾರವಿಲ್ಲ, ನಿಯಮಗಳಲ್ಲಿ ಮುಚ್ಚುಮರೆಯಿಲ್ಲ, ಪಂಥದ ಚೀಟಿಯ ಮೇಲೆ ಎಲ್ಲವೂ ಅಚ್ಚಾಗಿದೆ. ಹಾಗಾದರೆ ಅದು ದತ್ತವೇ ಆಯಿತಲ್ಲವೇ? ಇಂದು ಪ್ರಪಂಚದಾದ್ಯಂತ ಪಂಥದ ಅಂಗಡಿಗಳನ್ನು ನಡೆಸುವವರ ವಾದವೆಲ್ಲ ಈ ಒಂದು ಮಾತಿನ ಮೇಲೆಯೇ ನಿಂತಿದೆ.

ಇಂತಹ ಪ್ರಶ್ನೆಯನ್ನು ಗಾಳಿಯಲ್ಲಿ ಇಟ್ಟು ಚರ್ಚಿಸಿದರೆ ಅದು ತರ್ಕದ ಕಸರತ್ತಾಗಿಬಿಡುತ್ತದೆ. ಒಂದು ನೆಲದ ಮೇಲೆ, ಒಂದು ಜನರ ನಡುವೆ ಇಟ್ಟು ನೋಡಬೇಕು. ನಾನು ಇಲ್ಲಿ ಆರಿಸಿಕೊಂಡಿರುವುದು ಯೂರೋಪಿನ ಬಾಲ್ಕನ್ ಭಾಗದ ಬೊಸ್ನಿಯಾಕ್ ಸಮಾಜವನ್ನು. ಜೂಜನ್ನು ಧರ್ಮವೇ ನಿಷೇಧಿಸಿರುವ ಸಮಾಜ ಅದು. ಆದರೂ ಅವರ ಪಟ್ಟಣಗಳಲ್ಲಿ ಪಂಥದ ಅಂಗಡಿ ಕಾಫಿಯಂಗಡಿಯಷ್ಟೇ ಸಾಮಾನ್ಯ. ಧರ್ಮದ ವಿಧಿ ಒಂದು ಕಡೆ, ಬೀದಿಯ ನಡವಳಿಕೆ ಇನ್ನೊಂದು ಕಡೆ ಹೀಗೆ ಎದುರುಬದುರು ನಿಂತಾಗ ನಡುವೆ ಏನು ಕಳಚಿಕೊಂಡಿದೆ ಎಂಬುದು ಚೆನ್ನಾಗಿ ಕಾಣುತ್ತದೆ.

ಬೊಸ್ನಿಯಾಕರೆಂದರೆ ಬೊಸ್ನಿಯಾ ಮತ್ತು ಹರ್ಜೆಗೊವಿನಾ ದೇಶದ ಮುಸಲ್ಮಾನ ಸ್ಲಾವ್ ಜನ. 1463ರಲ್ಲಿ ಆ ರಾಜ್ಯವು ಒಟ್ಟೊಮನ್ ತುರ್ಕರ ವಶವಾಯಿತು. ಮುಂದಿನ ಶತಮಾನಗಳಲ್ಲಿ ಅಲ್ಲಿನ ನಿವಾಸಿಗಳಲ್ಲಿ ಹಲವರು ಇಸ್ಲಾಮನ್ನು ಸ್ವೀಕರಿಸಿದರು. ಭಾಷೆಯಲ್ಲಿ ಅವರಿಗೂ ನೆರೆಯ ಸರ್ಬ್ ಮತ್ತು ಕ್ರೊಯಾಟ್ ಜನರಿಗೂ ಹೆಚ್ಚಿನ ಅಂತರವಿಲ್ಲ. 1878ರಲ್ಲಿ ಆಸ್ಟ್ರಿಯಾ-ಹಂಗರಿಯ ಆಡಳಿತ ಬಂದಿತು, ಆಮೇಲೆ ಯುಗೊಸ್ಲಾವಿಯಾ. 1993ರಿಂದ ಅವರು ತಮ್ಮ ಜನಾಂಗಕ್ಕೆ ಬೊಸ್ನಿಯಾಕ್ ಎಂಬ ಹೆಸರನ್ನೇ ಅಧಿಕೃತವಾಗಿ ಬಳಸುತ್ತಿದ್ದಾರೆ. ಆ ಹೆಸರನ್ನು ಅಂಗೀಕರಿಸಿದ ಕಾಲ ಯುದ್ಧದ ನಡುವಿನದು. 1992ರಿಂದ 1995ರವರೆಗಿನ ಆ ಯುದ್ಧದಲ್ಲಿ ಸುಮಾರು ಒಂದು ಲಕ್ಷ ಜನ ಮಡಿದರು; ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಬೊಸ್ನಿಯಾಕರು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. 1995ರ ಜುಲೈಯಲ್ಲಿ ಸ್ರೆಬ್ರೆನಿತ್ಸಾದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಕೊಂದದ್ದು ಲೋಕಕ್ಕೆಲ್ಲ ಗೊತ್ತಿದೆ. 1991ರ ಜನಗಣತಿಯಲ್ಲಿ ಸುಮಾರು 43.8 ಲಕ್ಷವಿದ್ದ ದೇಶದ ಜನಸಂಖ್ಯೆ 2013ರ ಗಣತಿಯಲ್ಲಿ 35.3 ಲಕ್ಷಕ್ಕೆ ಇಳಿದಿತ್ತು. ಆ ಗಣತಿಯಂತೆ ಬೊಸ್ನಿಯಾಕರು ಶೇಕಡಾ 50ಕ್ಕಿಂತ ಕೊಂಚ ಹೆಚ್ಚು.

ಈ ಅಂಕಿಗಳನ್ನು ಕೊಟ್ಟದ್ದು ಕರುಣೆ ಹುಟ್ಟಿಸಲೆಂದಲ್ಲ. ಜೂಜಿನ ಬಗ್ಗೆ ಮಾತಾಡುವಾಗ ಒಂದು ಜನಾಂಗದ ಹೆಸರನ್ನು ಹಿಡಿದು 'ಇವರು ಹೀಗೆ' ಎಂದುಬಿಡುವ ಅಭ್ಯಾಸ ಸುಲಭವಾಗಿ ಬರುತ್ತದೆ. ಸರಾಯೆವೊದ ಬೊಸ್ನಿಯಾಕ್ ಹುಡುಗ, ಬನ್ಯಾ ಲೂಕಾದ ಸರ್ಬ್ ಹುಡುಗ, ಮೊಸ್ತಾರಿನ ಕ್ರೊಯಾಟ್ ಹುಡುಗ, ಮೂವರೂ ಒಂದೇ ಬಗೆಯ ಚೀಟಿಯನ್ನು ಹಿಡಿದು ಒಂದೇ ಇಂಗ್ಲಿಷ್ ಕಾಲ್ಚೆಂಡಿನ ಪಂದ್ಯಕ್ಕೆ ಕಾಯುತ್ತಿರುತ್ತಾರೆ. ಜೂಜಿಗೆ ಕಾರಣವಾಗುವುದು ವಯಸ್ಸು, ಲಿಂಗ, ಉದ್ಯೋಗ, ಮನೆಯಲ್ಲಿ ಕಂಡ ಮಾದರಿ, ಅಂಗಡಿಯ ಸಾಮೀಪ್ಯ, ವಂಶವಲ್ಲ. ಬೊಸ್ನಿಯಾಕರ ವಿಷಯದಲ್ಲಿ ವಿಶೇಷವೇನೆಂದರೆ ಧಾರ್ಮಿಕ ನಿಷೇಧ ಸ್ಪಷ್ಟವಾಗಿದ್ದೂ ಅದು ಬೀದಿಯಲ್ಲಿ ನಿಲ್ಲದೆ ಹೋದದ್ದು.

ಅಲ್ಲಿ ಜೂಜಿಗೆ 'ಕೊತ್ಸ್ಕಾ' ಎನ್ನುತ್ತಾರೆ. ದಾಳಕ್ಕೂ ಅದೇ ಹೆಸರು. ಕೊತ್ಸ್ಕಾ ಹರಾಮ್ ಎಂಬುದರಲ್ಲಿ ಅಲ್ಲಿನ ಯಾವ ಮುಸಲ್ಮಾನನಿಗೂ ಸಂದೇಹವಿಲ್ಲ. ಆದರೆ ಕ್ರೀಡೆಯ ಮೇಲೆ ಹಣ ಹೂಡುವ ಅಂಗಡಿಗೆ ಬೇರೆಯೇ ಹೆಸರಿದೆ: 'ಕ್ಲಾದಿಯೊನಿತ್ಸಾ'. ಪಂಥ ಕಟ್ಟುವ ಸ್ಥಳ ಎಂದು ಅದರ ಅರ್ಥ. ಶಬ್ದ ಬೇರೆಯಾದುದರಿಂದ ಮನಸ್ಸಿಗೂ ಒಂದು ಸಂದು ಸಿಕ್ಕಿತು. ದಾಳ ಕುರುಡು, ಕಾಲ್ಚೆಂಡು ಹಾಗಲ್ಲ, ಅಲ್ಲಿ ತಿಳಿವಳಿಕೆ ಬೇಕು, ಯಾವ ತಂಡದ ಯಾವ ಆಟಗಾರನಿಗೆ ಗಾಯವಾಗಿದೆ ಎಂದು ಅರಿತಿರಬೇಕು, ಆದ್ದರಿಂದ ಇದು ಜೂಜಲ್ಲ ಎಂಬ ಸಮಾಧಾನ. ಅಲ್ಲಿನ ಉಲೇಮಾಗಳು ಈ ಭೇದವನ್ನು ಒಪ್ಪುವುದಿಲ್ಲ. ನಾವೂ ಒಪ್ಪಬೇಕಾಗಿಲ್ಲ. ಆದರೆ ಮನುಷ್ಯನು ಪಾಪಕ್ಕೆ ಹೊಸ ಹೆಸರಿಟ್ಟ ಮೇಲೆ ಅದನ್ನು ಎಷ್ಟು ನಿರ್ಭಯವಾಗಿ ಮಾಡುತ್ತಾನೆ ಎಂಬುದಕ್ಕೆ ಇದೊಂದು ನಿದರ್ಶನ. (ನಮ್ಮಲ್ಲಿ ದೀಪಾವಳಿಯ ಇಸ್ಪೀಟಿಗೆ 'ಶಾಸ್ತ್ರಕ್ಕೆ' ಎಂದು ಹೇಳುವವರು ನಗಬೇಕಾಗಿಲ್ಲ.)

ಈ 'ತಿಳಿವಳಿಕೆ'ಯ ಬೆಲೆಯನ್ನು ವ್ಯಾಪಾರಿಯಾಗಿ ನಾನು ಲೆಕ್ಕ ಹಾಕಿ ನೋಡಿದೆ. ಬಾಲ್ಕನ್ ದೇಶಗಳಲ್ಲಿ ಒಂದೇ ಪಂದ್ಯಕ್ಕೆ ಹಣ ಕಟ್ಟುವುದಕ್ಕಿಂತ ಒಂದೇ ಚೀಟಿಯಲ್ಲಿ ಆರು, ಎಂಟು, ಹತ್ತು ಪಂದ್ಯಗಳನ್ನು ಸೇರಿಸಿ ಬರೆಸುವ ರೂಢಿ ಬಲವಾಗಿದೆ. ಎಲ್ಲವೂ ಸರಿಯಾದರೆ ಮಾತ್ರ ಹಣ. ಒಂದು ತಪ್ಪಿದರೂ ಚೀಟಿ ಕಸ. ಉದಾಹರಣೆಗೆ, ಎರಡು ಕಡೆಗೂ ಸಮಾನ ಸಂಭವವಿರುವ ಪಂದ್ಯವೊಂದನ್ನು ತೆಗೆದುಕೊಳ್ಳೋಣ. ನ್ಯಾಯವಾದ ದರದಲ್ಲಿ ಒಂದು ಮಾರ್ಕಿಗೆ ಎರಡು ಮಾರ್ಕ್ ಬರಬೇಕು. (ಮಾರ್ಕ್ ಎಂದರೆ ಆ ದೇಶದ ನಾಣ್ಯ, ಒಂದು ಯೂರೋವಿಗೆ ಎರಡಕ್ಕಿಂತ ಕೊಂಚ ಕಡಿಮೆ.) ಅಂಗಡಿಯವನು 1.86 ಕೊಡುತ್ತಾನೆಂದು ಇಟ್ಟುಕೊಳ್ಳೋಣ. ನೂರಕ್ಕೆ ಏಳು ಅವನ ಲಾಭ. ವ್ಯಾಪಾರದಲ್ಲಿ ಇದೇನೂ ಹೆಚ್ಚಲ್ಲ ಎನಿಸೀತು. ಈಗ ಎಂಟು ಪಂದ್ಯಗಳನ್ನು ಒಂದೇ ಚೀಟಿಗೆ ಸೇರಿಸಿದರೆ, ಎಂಟೂ ಸರಿಯಾಗುವ ಸಂಭವ 256ರಲ್ಲಿ ಒಂದು. ನ್ಯಾಯವಾಗಿ ಒಂದು ಮಾರ್ಕಿಗೆ 256 ಬರಬೇಕು, ಅಂಗಡಿಯವನು ಕೊಡುವುದು 143. ಏಳರ ಲಾಭ ಬೆಳೆದು ನೂರಕ್ಕೆ 44 ಆಯಿತು. ಗೋದಾಮಿಲ್ಲ, ಸಾಗಣೆಯಿಲ್ಲ, ಹುಳು ಹಿಡಿಯುವ ಭಯವಿಲ್ಲ. ಯಾವ ದವಸದ ಮಂಡಿಯವನಿಗೂ ಕನಸಿನಲ್ಲಿ ಸಿಗದ ಲಾಭಾಂಶ ಇದು. ಆದರೂ ಚೀಟಿ ಹಿಡಿದವನ ಕಣ್ಣಿಗೆ ಕಾಣುವುದು 44 ಅಲ್ಲ, 143.

ಇದೇ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಂಟರಲ್ಲಿ ಏಳು ಸರಿಯಾಗಿ ಒಂದು ಮಾತ್ರ ತಪ್ಪುವ ಸಂಭವ 256ರಲ್ಲಿ ಎಂಟು. ಅಂದರೆ ಒಬ್ಬ ಗೆದ್ದಲ್ಲಿ ಎಂಟು ಜನ 'ಒಂದೇ ಒಂದು ಪಂದ್ಯದಿಂದ' ಸೋತಿರುತ್ತಾರೆ. ಸೋಲು ಹೀಗೆ ಗೆಲುವಿನ ವೇಷ ಹಾಕಿಕೊಂಡು ಬರುತ್ತದೆ. ಕಡೆಯ ನಿಮಿಷದಲ್ಲಿ ಬಿದ್ದ ಒಂದು ಗೋಲಿನಿಂದ ಚೀಟಿ ಹಾಳಾಯಿತೆಂಬ ಕಥೆ ಆ ದೇಶದ ಪ್ರತಿಯೊಂದು ಕಾಫಿಯಂಗಡಿಯ ಮೇಜಿನ ಮೇಲೂ ಇದೆ. ತಾನು ಸಮೀಪ ಬಂದಿದ್ದೆ ಎಂದು ಹೇಳುವವನು ಮಾರನೆಯ ವಾರ ಮತ್ತೆ ಬರುತ್ತಾನೆ. ಹೀಗೆ ಕೂದಲೆಳೆಯಲ್ಲಿ ತಪ್ಪಿದ ಸೋಲು ಪೂರ್ಣ ಸೋಲಿಗಿಂತ ಹೆಚ್ಚಾಗಿ ಮನುಷ್ಯನನ್ನು ಮತ್ತೆ ಆಟಕ್ಕೆ ಎಳೆಯುತ್ತದೆಂದು ಮನಃಶಾಸ್ತ್ರಜ್ಞರು ಬಹುಕಾಲದಿಂದ ಹೇಳುತ್ತಿದ್ದಾರೆ.

ಇನ್ನು ಈ ಅಂಗಡಿಗೆ ಯಾರು ಬರುತ್ತಾರೆ ಎಂಬ ವಿಚಾರ. ಹಿಂದಿನ ಯುಗೊಸ್ಲಾವಿಯಾದ ದೇಶಗಳಲ್ಲಿ ನಡೆದ ಅಧ್ಯಯನಗಳು ಕೆಲವು ವಿಷಯಗಳಲ್ಲಿ ಒಮ್ಮತದಿಂದಿವೆ: ಹೆಂಗಸರಿಗಿಂತ ಗಂಡಸರು ಬಹಳ ಹೆಚ್ಚು, ಗಂಡಸರಲ್ಲಿ ಎಳೆಯರು ಹೆಚ್ಚು, ಹುಡುಗರು ಮೊದಲು ಹಿಡಿಯುವುದು ಕ್ರೀಡೆಯ ಪಂಥವನ್ನೇ. ಹದಿನೆಂಟು ತುಂಬದವರಿಗೆ ಕಾನೂನಿನ ನಿಷೇಧವಿದ್ದರೂ ಪ್ರೌಢಶಾಲೆಯ ಹುಡುಗರು ಪಂಥ ಕಟ್ಟುತ್ತಾರೆ. ಹಿರಿಯ ಗೆಳೆಯನ ಕೈಯಲ್ಲಿ ಚೀಟಿ ಬರೆಸುವುದು ಕಷ್ಟವಲ್ಲ. ತಂದೆಯೋ ಅಣ್ಣನೋ ಆಡುವ ಮನೆಯಲ್ಲಿ ಹುಡುಗ ಬೇಗ ಕಲಿಯುತ್ತಾನೆ. 2014ರಲ್ಲಿ ಬೊಸ್ನಿಯಾದ ಕಾಲ್ಚೆಂಡಿನ ತಂಡ ಬ್ರೆಜಿಲಿನ ವಿಶ್ವಕಪ್ಪಿಗೆ ಹೋಯಿತು. ಅದೇ ವರ್ಷ 15ರಿಂದ 24ರ ವಯಸ್ಸಿನವರಲ್ಲಿ ಕೆಲಸ ಹುಡುಕುತ್ತಿದ್ದ ನೂರು ಜನರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ಮುಂದಿನ ವರ್ಷಗಳಲ್ಲಿ ಆ ಪ್ರಮಾಣ ಬಹಳ ಇಳಿಯಿತು; ಅದಕ್ಕೆ ಒಂದು ಕಾರಣ ಎಳೆಯರು ದೇಶ ಬಿಟ್ಟು ಹೋದದ್ದು. 2016ರಿಂದ ಜರ್ಮನಿ ಬಾಲ್ಕನ್ ದೇಶಗಳ ಕೆಲಸಗಾರರಿಗೆ ಬಾಗಿಲನ್ನು ಅಗಲ ಮಾಡಿತು. ಉಳಿದವನಿಗೆ ದಿನದ ಹೊತ್ತು ಉದ್ದ, ಕಾಫಿ ಅಗ್ಗ, ಒಂದು ಮಾರ್ಕಿಗೂ ಚೀಟಿ ಸಿಗುತ್ತದೆ.

ಕೇವಲ ಬಡತನವೇ ಇದಕ್ಕೆ ಕಾರಣವೆಂದು ನಾನು ಹೇಳಲಾರೆ. ಬಡತನಕ್ಕಿಂತ ಆಳವಾದ ಇನ್ನೊಂದು ಹಾನಿ ಅಲ್ಲಿ ನಡೆದಿದೆ. ದುಡಿಮೆಗೂ ಫಲಕ್ಕೂ ಇರುವ ಸಂಬಂಧದಲ್ಲಿ ಜನರು ಇಟ್ಟಿದ್ದ ನಂಬಿಕೆ ಮುರಿಯಿತು. ನಲವತ್ತು ವರ್ಷ ಕಟ್ಟಿದ ಮನೆ ಒಂದು ಬೆಳಗ್ಗೆ ಬೆಂದುಹೋಯಿತು. ಏನೂ ಮಾಡದವನು ಯುದ್ಧಕಾಲದ ಕಾಳಸಂತೆಯಲ್ಲಿ ಶ್ರೀಮಂತನಾದ. ಯುದ್ಧ ಮುಗಿದ ಮೇಲೆ ಸೈನಿಕರಿಗೆ ಬಾಕಿಯಿದ್ದ ಸಂಬಳಕ್ಕೆ ಬದಲಾಗಿ ಸರ್ಕಾರ ಸರ್ಟಿಫಿಕೇಟುಗಳನ್ನು ಕೊಟ್ಟಿತು. ಖಾಸಗೀಕರಣವಾಗುವ ಕಾರ್ಖಾನೆಗಳ ಷೇರಿಗೆ ಅವನ್ನು ಬಳಸಬಹುದಿತ್ತು. ಹೊಟ್ಟೆಗಿಲ್ಲದವನು ಅವನ್ನು ಮುಖಬೆಲೆಯ ಅಲ್ಪಾಂಶಕ್ಕೆ ಮಾರಿದ. ಕೈಯಲ್ಲಿ ಹಣವಿದ್ದವನು ಕೊಂಡು ಕಾರ್ಖಾನೆಯ ಒಡೆಯನಾದ. ತುಜ್ಲಾ ಪಟ್ಟಣದಲ್ಲಿ 2014ರ ಫೆಬ್ರವರಿಯಲ್ಲಿ ಬೀದಿಗಿಳಿದವರು ಹೀಗೆ ಖಾಸಗಿಯವರ ಕೈಸೇರಿ ಮುಚ್ಚಿಹೋದ ಕಾರ್ಖಾನೆಗಳ ಕಾರ್ಮಿಕರೇ. ಇಷ್ಟೆಲ್ಲವನ್ನೂ ಕಣ್ಣಾರೆ ಕಂಡ ತಂದೆಯ ಮಗನಿಗೆ 'ದುಡಿದು ತಿನ್ನು, ಅದೃಷ್ಟವನ್ನು ನಂಬಬೇಡ' ಎಂದು ಹೇಳಿದರೆ ಆ ಮಾತು ಅವನ ಅನುಭವಕ್ಕೆ ಸುಳ್ಳಾಗಿ ಕಾಣುತ್ತದೆ. ಅವನ ಲೋಕದಲ್ಲಿ ದುಡಿಮೆಯೂ ಒಂದು ಲಾಟರಿಯೇ. ಎರಡು ಲಾಟರಿಗಳಲ್ಲಿ ಬೆವರು ಬೇಡದುದನ್ನು ಅವನು ಆರಿಸಿಕೊಂಡಿದ್ದಾನೆ.

ಬೊಸ್ನಿಯಾಕರ ಮಾತಿನಲ್ಲಿ 'ನಫಕಾ' ಎಂಬ ಸುಂದರವಾದ ಶಬ್ದವಿದೆ. ದೇವರು ಪ್ರತಿಯೊಬ್ಬನ ಹೆಸರಿಗೆ ಇಟ್ಟಿರುವ ಅನ್ನದ ಪಾಲು ಎಂದು ಅದರ ಭಾವ. ತನ್ನ ನಫಕಾ ತನ್ನನ್ನು ಹುಡುಕಿಕೊಂಡು ಬರುತ್ತದೆಂಬ ನಂಬಿಕೆ ದುರಾಶೆಯನ್ನು ತಗ್ಗಿಸಬಲ್ಲುದು. ಪರರ ಪಾಲಿಗೆ ಕೈ ಚಾಚದಿರುವ ನೆಮ್ಮದಿಯನ್ನು ಕೊಡಬಲ್ಲುದು. ಅದೇ ಶಬ್ದ ಸೋಮಾರಿಯ ಬಾಯಿಗೆ ಬಿದ್ದರೆ, ಚೀಟಿಯ ಮೂಲಕವೇ ನನ್ನ ಪಾಲು ಬರಬಹುದಲ್ಲ ಎಂಬ ಕುತರ್ಕಕ್ಕೆ ಊರುಗೋಲಾಗುತ್ತದೆ. ನಮ್ಮ ಕರ್ಮಸಿದ್ಧಾಂತಕ್ಕೂ ಈ ಗತಿ ಬಂದಿಲ್ಲವೇ? ಪುರುಷಾರ್ಥವನ್ನು ಬೋಧಿಸುವ ಸಿದ್ಧಾಂತವನ್ನು ಹಣೆಬರಹವೆಂಬ ಒಂದೇ ಪದಕ್ಕೆ ಇಳಿಸಿದವರು ನಮ್ಮಲ್ಲೇನೂ ಕಡಿಮೆಯಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಪರಿಸ್ಥಿತಿಯೇ ಎಲ್ಲಕ್ಕೂ ಕಾರಣವಾದರೆ, ಅದೇ ಪರಿಸ್ಥಿತಿಯಲ್ಲಿ ಬೆಂದ ಹೆಂಗಸರು ಪಂಥದ ಅಂಗಡಿಗೆ ಹೋಗದಿರುವುದು ಹೇಗೆ? ಸ್ರೆಬ್ರೆನಿತ್ಸಾದ ತಾಯಂದಿರಿಗಿಂತ ಹೆಚ್ಚು ಕಳೆದುಕೊಂಡವರು ಯಾರಿದ್ದಾರೆ? ಅವರು ದಶಕಗಳ ಕಾಲ ಮಕ್ಕಳ ಮೂಳೆಗಳನ್ನು ಹುಡುಕಿದರು, ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು. ಆದ್ದರಿಂದ ಯುದ್ಧವು ಮನುಷ್ಯನ ಆಯ್ಕೆಯನ್ನು ಪೂರ್ಣವಾಗಿ ಕಸಿದುಕೊಂಡಿತೆಂದು ಹೇಳಿದರೆ ಅದು ಆ ತಾಯಂದಿರಿಗೆ ಮಾಡುವ ಅವಮಾನ. ಆಡುವವನಿಗೆ ಅವನ ಪಾಲಿನ ದೋಷ ಇದ್ದೇ ಇದೆ. ಮನೆಯಲ್ಲಿ ಸೋಲಿನ ಭಾರ ಹೊರುವವಳು ಆಡದೆ ಇರುವ ಹೆಂಡತಿ ಎಂಬುದನ್ನು ನೆನೆದರೆ ಆ ದೋಷ ಚಿಕ್ಕದೂ ಅಲ್ಲ. ಆದರೆ ದೋಷವನ್ನು ಅವನ ಮೇಲೆ ಹೊರಿಸಿದ ಮಾತ್ರಕ್ಕೆ ಹಣ ತೆಗೆದುಕೊಂಡವನು ನಿರ್ದೋಷಿಯಾಗುವುದಿಲ್ಲ. ನನ್ನ ಪ್ರಶ್ನೆ ಇರುವುದು ತೆಗೆದುಕೊಂಡವನನ್ನು ಕುರಿತು.

ವ್ಯಾಪಾರಿಗಳಾದ ನಮ್ಮನ್ನು ಕಂಡು, ನೀವೂ ನಷ್ಟಕ್ಕೆ ಒಡ್ಡಿಕೊಂಡೇ ಲಾಭ ಮಾಡುವವರಲ್ಲವೇ ಎಂದು ಕೇಳುವವರಿದ್ದಾರೆ. ಹೌದು. ಆದರೆ ನಮ್ಮ ಅಪಾಯವನ್ನು ನಾವು ಹುಟ್ಟಿಸಿದ್ದಲ್ಲ. ಮಳೆ, ದಾರಿ, ಬೆಲೆಯ ಏರಿಳಿತ ಇವು ಮೊದಲೇ ಇವೆ. ಅವುಗಳ ನಡುವೆ ಒಬ್ಬನು ಬೆಳೆದುದನ್ನು ಇನ್ನೊಬ್ಬನ ಮನೆಗೆ ಮುಟ್ಟಿಸುವುದು ವ್ಯಾಪಾರ. ನಾನು ನಷ್ಟಪಟ್ಟ ವರ್ಷವೂ ಊರಿನವರು ಬೇಳೆಯನ್ನು ಉಂಡಿದ್ದಾರೆ. ಪಂಥದ ಅಂಗಡಿಯಲ್ಲಿ ಅಪಾಯವೇ ಸರಕು. ಅದನ್ನು ಮಾರುವುದಕ್ಕಾಗಿಯೇ ತಯಾರಿಸಿದ್ದಾರೆ. ಆಟ ಮುಗಿದಾಗ ಯಾರ ಮನೆಗೂ ಏನೂ ಮುಟ್ಟಿಲ್ಲ, ಹಣ ಕೈ ಬದಲಾಯಿಸಿದೆ ಅಷ್ಟೆ. ಷೇರು ಮತ್ತು ಸರಕಿನ ಸಟ್ಟಾ ವ್ಯವಹಾರ ಈ ಎರಡರ ನಡುವೆ ಎಲ್ಲಿ ಕೂರುತ್ತದೆ ಎಂಬುದು ಬೇರೆಯೇ ಲೇಖನದ ವಿಷಯ, ಮತ್ತು ನಮ್ಮ ಸಮಾಜಕ್ಕೆ ಅಷ್ಟು ಹಿತವಾದ ವಿಷಯವೂ ಅಲ್ಲ.

ಈಗ ಮೊದಲ ಪ್ರಶ್ನೆಗೆ ಬರೋಣ. ಕೈಯಾರೆ ಕೊಟ್ಟದ್ದೆಲ್ಲ ದತ್ತವೇ? ದಾನದಲ್ಲಿ ಕೊಡುವವನು ವಸ್ತು ತನ್ನಿಂದ ಹೋಗಲೆಂದೇ ಕೊಡುತ್ತಾನೆ. ಕ್ರಯದಲ್ಲಿ ಬದಲಿಗೆ ಬರುವುದನ್ನು ಕಂಡು ಕೊಡುತ್ತಾನೆ. ಪಂಥದಲ್ಲಿ ಕೊಡುವವನು ಹೋಗಲೆಂದು ಕೊಡುವುದೂ ಇಲ್ಲ, ಕಂಡು ಕೊಡುವುದೂ ಇಲ್ಲ. ಹಣ ತನಗೇ ಇಮ್ಮಡಿಯಾಗಿ ಹಿಂದಿರುಗಲೆಂದು ಕೊಡುತ್ತಾನೆ. ಹಿಂದಿರುಗದೆ ಹೋದಾಗ ಅವನ ಮನಸ್ಸು ಆ ಹಣವನ್ನು ಬಿಟ್ಟಿರುವುದಿಲ್ಲ, ಅದನ್ನು ಮರಳಿ ಪಡೆಯಲು ಮತ್ತಷ್ಟು ಕೊಡುತ್ತಾನೆ. ಈ ಬೆನ್ನಟ್ಟುವಿಕೆಯನ್ನೇ ವೈದ್ಯರು ಜೂಜಿನ ರೋಗದ ಮುಖ್ಯ ಲಕ್ಷಣಗಳಲ್ಲಿ ಒಂದೆಂದು ಗುರುತಿಸುತ್ತಾರೆ. ಅಮೆರಿಕದ ಮನೋವೈದ್ಯರ ಸಂಘವು 1980ರಲ್ಲಿಯೇ ಇದನ್ನು ರೋಗಗಳ ಪಟ್ಟಿಗೆ ಸೇರಿಸಿ, 2013ರಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ಚಟಗಳ ಗುಂಪಿಗೇ ಇದನ್ನು ತಂದಿಟ್ಟಿತು. ಯುಗೊಸ್ಲಾವಿಯಾದ ಕಾಲದಲ್ಲಿಯೂ ಸರ್ಕಾರದ ಲಾಟರಿ ಇತ್ತು, ಕಾಲ್ಚೆಂಡಿನ ಫಲಿತಾಂಶ ಊಹಿಸುವ ವಾರದ ಚೀಟಿಯೂ ಇತ್ತು. ಆದರೆ ವಾರಕ್ಕೊಮ್ಮೆ ಸೋಲುವವನಿಗೆ ಆರು ದಿನ ಯೋಚಿಸಲು ಬಿಡುವಿರುತ್ತಿತ್ತು. ಈಗಿನ ಯಂತ್ರ ಕೆಲವೇ ಸೆಕೆಂಡುಗಳಿಗೊಮ್ಮೆ ಕೇಳುತ್ತದೆ. ಮೊಬೈಲಿನಲ್ಲಿ ಪಂದ್ಯ ನಡೆಯುತ್ತಿರುವಾಗಲೇ ಮುಂದಿನ ಗೋಲಿಗೆ, ಮುಂದಿನ ಮೂಲೆಯ ಒದೆತಕ್ಕೆ ಹಣ ಕಟ್ಟಬಹುದು. ಸಮ್ಮತಿಗೆ ವಿವೇಕ ಬೇಕು, ವಿವೇಕಕ್ಕೆ ಬಿಡುವು ಬೇಕು. ಬಿಡುವನ್ನು ಉದ್ದೇಶಪೂರ್ವಕವಾಗಿ ತೆಗೆದುಹಾಕಿ ಪಡೆದ ಸಮ್ಮತಿಯನ್ನು ಸಮ್ಮತಿಯೆಂದು ಕರೆಯುವುದು ನನಗೆ ಸಾಧ್ಯವಾಗಿಲ್ಲ. ನಿದ್ದೆಯಲ್ಲಿರುವವನ ಹೆಬ್ಬೆಟ್ಟು ಹಿಡಿದು ಒತ್ತಿಸಿದ ಪತ್ರವೂ ರುಜುವಾದ ಪತ್ರದಂತೆಯೇ ಕಾಣುತ್ತದೆ.

ಹಾಗಾದರೆ ಮನರಂಜನೆಗೆಂದು ವಾರಕ್ಕೆ ಒಂದು ಮಾರ್ಕ್ ಕಟ್ಟಿ ಸೋತು ನಗುವವನ ಹಣ? ಅದು ನಾಟಕದ ಟಿಕೇಟಿನ ಹಣಕ್ಕೆ ಹತ್ತಿರವಾದುದೆಂದು ಒಪ್ಪುತ್ತೇನೆ. ಆದರೆ ಎಲ್ಲೆಲ್ಲಿ ಲೆಕ್ಕ ನಡೆದಿದೆಯೋ ಅಲ್ಲೆಲ್ಲ ಈ ಉದ್ಯಮದ ಆದಾಯದ ದೊಡ್ಡ ಪಾಲು ಬರುವುದು ಬಿಡಲಾರದ ಕೆಲವರಿಂದಲೇ. ನಗುವವನನ್ನು ಬಾಗಿಲಲ್ಲಿ ತೋರಿಸಿ ಒಳಗಿನ ವ್ಯಾಪಾರವನ್ನು ಅಳುವವನೊಡನೆ ನಡೆಸುತ್ತಾರೆ.

ಅಚೌರ್ಯ ಅಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ಓದುಗರು ಬಲ್ಲರು: ಕಳವಿಗೆ ಪ್ರೇರೇಪಿಸುವುದು, ಕದ್ದು ತಂದುದನ್ನು ಸ್ವೀಕರಿಸುವುದು, ರಾಜ್ಯನಿಯಮವನ್ನು ಮೀರುವುದು, ಅಳತೆ ತೂಕಗಳಲ್ಲಿ ಹೆಚ್ಚು ಕಡಿಮೆ ಮಾಡುವುದು, ಕಲಬೆರಕೆ. ಇದರಲ್ಲಿ ನಮ್ಮ ಆಚಾರ್ಯರು ಕಳ್ಳನೊಬ್ಬನನ್ನೇ ನೋಡದೆ ಅವನ ಸುತ್ತ ನಿಂತವರನ್ನೂ ನೋಡಿದ್ದಾರೆ. ಬೊಸ್ನಿಯಾದಲ್ಲಿ ಸುತ್ತ ನಿಂತವರು ಯಾರು? ದೇಶದ ಪ್ರಮುಖ ಕಾಲ್ಚೆಂಡಿನ ಲೀಗ್ ಇತ್ತೀಚಿನ ವರ್ಷಗಳಲ್ಲಿ ಪಂಥದ ಕಂಪನಿಯೊಂದರ ಹೆಸರನ್ನೇ ಹೊತ್ತಿದೆ. ಹುಡುಗನು ಪ್ರೀತಿಸುವ ತಂಡದ ಅಂಗಿಯ ಮೇಲೆಯೂ ಅಂತಹ ಹೆಸರುಗಳೇ. ಇದು ಪ್ರೇರಣೆ. ಇನ್ನು ಸರ್ಕಾರ. 1995ರ ಡೇಟನ್ ಒಪ್ಪಂದದಂತೆ ದೇಶವು ಎರಡು ಘಟಕಗಳಾಗಿದೆ: ಬೊಸ್ನಿಯಾಕರೂ ಕ್ರೊಯಾಟರೂ ಹೆಚ್ಚಾಗಿರುವ ಫೆಡರೇಶನ್, ಸರ್ಬರು ಹೆಚ್ಚಾಗಿರುವ ರಿಪಬ್ಲಿಕಾ ಸ್ರ್ಪ್‌ಸ್ಕಾ. ಇವುಗಳ ಜೊತೆಗೆ ಬ್ರಿಚ್ಕೊ ಎಂಬ ಪ್ರತ್ಯೇಕ ಜಿಲ್ಲೆ. ಜೂಜಿನ ಕಾನೂನು ಒಂದೊಂದಕ್ಕೂ ಬೇರೆ. ಫೆಡರೇಶನ್ನಿನಲ್ಲಿ ಲಾಟರಿ ಮತ್ತು ಜೂಜಿನಿಂದ ಬೊಕ್ಕಸಕ್ಕೆ ಬಂದ ಹಣದ ಒಂದು ಭಾಗವನ್ನು ಕಾನೂನಿನ ಪ್ರಕಾರ ಅಂಗವಿಕಲರ ಸಂಘಗಳಿಗೆ, ಕ್ರೀಡೆಗೆ, ಸಂಸ್ಕೃತಿಗೆ, ಚಟಗಳ ವಿರುದ್ಧ ನಡೆಯುವ ಕೆಲಸಗಳಿಗೂ ಹಂಚುತ್ತಾರೆ. ಗಾಯ ಮಾಡಿದ ಕೈಯೇ ಪಟ್ಟಿ ಕಟ್ಟುತ್ತದೆ; ಪಟ್ಟಿಯ ಖರ್ಚನ್ನು ಗಾಯಾಳುವೇ ಕೊಡುತ್ತಾನೆ.

ಇದನ್ನು ಸಮರ್ಥಿಸುವವರು, ಒಳ್ಳೆಯ ಕಾರ್ಯಕ್ಕೆ ಹೋಗುತ್ತದಲ್ಲ ಎನ್ನುತ್ತಾರೆ. ಈ ಸಮರ್ಥನೆ ಹೊಸದಲ್ಲ. ಬೊಸ್ನಿಯಾಕರ ಧರ್ಮಗ್ರಂಥವೇ ಅದನ್ನು ಎದುರಿಸಿದೆ. ಕುರಾನು ನಿಷೇಧಿಸಿದ 'ಮೈಸಿರ್' ಎಂಬುದು ಇಸ್ಲಾಮಿಗಿಂತ ಹಿಂದಿನ ಅರಬರ ಒಂದು ಆಟ. ಒಂಟೆಯನ್ನು ಕೊಂದು ಮಾಂಸವನ್ನು ಪಾಲು ಮಾಡಿ ಬಾಣಗಳನ್ನು ಎತ್ತಿ ಗೆಲ್ಲುತ್ತಿದ್ದರು. ಚಳಿಗಾಲದ ಕ್ಷಾಮದಲ್ಲಿ ಗೆದ್ದವರು ಆ ಮಾಂಸವನ್ನು ಬಡವರಿಗೆ ಹಂಚುತ್ತಿದ್ದರೆಂದು ವ್ಯಾಖ್ಯಾನಕಾರರು ಬರೆಯುತ್ತಾರೆ. ಕುರಾನಿನ ಎರಡನೆಯ ಅಧ್ಯಾಯ ಮದ್ಯ ಮತ್ತು ಮೈಸಿರಿನಲ್ಲಿ ಜನರಿಗೆ ಪ್ರಯೋಜನವೂ ಉಂಟೆಂದು ಒಪ್ಪಿಕೊಂಡೇ, ಅವುಗಳ ಪಾಪ ಪ್ರಯೋಜನಕ್ಕಿಂತ ದೊಡ್ಡದೆಂದು ತೀರ್ಮಾನಿಸುತ್ತದೆ. ಐದನೆಯ ಅಧ್ಯಾಯ ಅವುಗಳಿಂದ ದೂರವಿರಬೇಕೆಂದು ವಿಧಿಸುತ್ತದೆ. ಮಾಂಸವನ್ನು ಹಂಚುವ ಆ ರೂಢಿ ನಮಗೆ ಒಪ್ಪುವಂತಹದಲ್ಲ. ಆದರೆ ಅಲ್ಲಿ ನಿಷೇಧಿಸಿದ್ದು ಬಡವನಿಗೆ ಉಣಬಡಿಸುತ್ತಿದ್ದ ಜೂಜನ್ನೇ ಎಂಬುದು ಗಮನಿಸತಕ್ಕ ವಿಷಯ. ಧರ್ಮದ ಹೆಸರಿನ ಜೂಜಿಗೆ ವಿನಾಯಿತಿ ಕೊಡಬೇಕೆಂದು ಅವರಿಗೆ ಅನ್ನಿಸಲಿಲ್ಲ.

ಬಡವರನ್ನು ಪೋಷಿಸಲು ಬೊಸ್ನಿಯಾಕರಿಗೆ ಬೇರೆ ದಾರಿಯೇ ಇರಲಿಲ್ಲವೇ? ಇತ್ತು, ಮತ್ತು ವ್ಯಾಪಾರಿಗಳಾದ ನಮಗೆ ಅದು ಬಹಳ ಪರಿಚಿತವಾಗಿ ಕಾಣುವಂತಹದು. ಸರಾಯೆವೊದ ಹಳೆಯ ಪೇಟೆಯನ್ನು ಚಾರ್ಶಿಯಾ ಎನ್ನುತ್ತಾರೆ. ತಾಮ್ರದವರು, ಚರ್ಮದವರು, ಬಟ್ಟೆಯವರು ಒಂದೊಂದು ಬೀದಿಯಲ್ಲಿ ತಮ್ಮ ತಮ್ಮ ಶ್ರೇಣಿಗಳನ್ನು ಕಟ್ಟಿಕೊಂಡಿದ್ದರು. ಆ ಪ್ರಾಂತ್ಯವನ್ನು ಆಳಿದ ಘಾಜಿ ಹುಸ್ರೆವ್ ಬೇಗನು 1530ರ ದಶಕದಲ್ಲಿ ಮಸೀದಿ, ಪಾಠಶಾಲೆ, ಬಡವರಿಗೆ ಅನ್ನ ಹಾಕುವ ಅಡುಗೆಮನೆ ಇವುಗಳಿಗಾಗಿ ತನ್ನ ಆಸ್ತಿಯನ್ನು ವಕುಫ್ ಮಾಡಿದ, ಅಂದರೆ ಶಾಶ್ವತ ದತ್ತಿಯಾಗಿ ಬಿಟ್ಟುಕೊಟ್ಟ. ಅಂಗಡಿಸಾಲುಗಳ ಬಾಡಿಗೆಯಿಂದ ಆ ಕಾರ್ಯಗಳು ನಡೆದುವು. 1537ರ ಆ ಪಾಠಶಾಲೆ ಇಂದಿಗೂ ಇದೆ. ಅವನನ್ನು ಅನುಸರಿಸಿ ಚಿಕ್ಕ ವರ್ತಕರೂ ಒಂದು ಅಂಗಡಿ, ಒಂದು ನೀರಿನ ಕಟ್ಟೆ, ಒಂದು ತೋಟ ಹೀಗೆ ವಕುಫ್ ಮಾಡಿದರು. ಎರಡನೆಯ ಮಹಾಯುದ್ಧದ ನಂತರ ಯುಗೊಸ್ಲಾವಿಯಾದ ಸಮಾಜವಾದಿ ಸರ್ಕಾರ ಹಂತಹಂತವಾಗಿ ಈ ಆಸ್ತಿಗಳನ್ನು ರಾಷ್ಟ್ರೀಕರಿಸಿತು. 1958ರ ಕಾನೂನಿನೊಡನೆ ಬಾಡಿಗೆಯ ಕಟ್ಟಡಗಳೂ ಹೋದುವು. ದತ್ತಿ ಹೋದ ಮೇಲೆ ದೀನರನ್ನು ಸರ್ಕಾರವೇ ನೋಡಿಕೊಂಡಿತು, ನಿಜ. ಆದರೆ 1990ರ ದಶಕದಲ್ಲಿ ಆ ಸರ್ಕಾರವೂ ಕುಸಿದುಬಿದ್ದಾಗ, ತೆರವಾದ ಸ್ಥಳದಲ್ಲಿ ವಕುಫ್ ಇರಲಿಲ್ಲ. ಪಂಥದ ಅಂಗಡಿಯ ತೆರಿಗೆ ಬಂದು ಕುಳಿತಿತು. ಹುಸ್ರೆವ್ ಬೇಗನು ತಿಳಿದು ಕೊಟ್ಟ; ಇಂದು ಕೊಡುವ ಹುಡುಗನಿಗೆ ತಾನು ಕೊಡುತ್ತಿದ್ದೇನೆಂಬುದೇ ಗೊತ್ತಿಲ್ಲ.

ನಿಷೇಧಿಸಿದರೆ ತೀರಿತಲ್ಲ ಎನ್ನುವವರಿಗೆ ನೆರೆಹೊರೆಯಲ್ಲಿಯೇ ಎರಡು ಉದಾಹರಣೆಗಳಿವೆ. ಅಲ್ಬೇನಿಯಾ 2019ರ ಆರಂಭದಿಂದ ಪಂಥದ ಅಂಗಡಿಗಳನ್ನೆಲ್ಲ ಮುಚ್ಚಿಸಿತು. ಐದು ವರ್ಷಗಳ ಮೇಲೆ, 2024ರಲ್ಲಿ, ಅಂತರ್ಜಾಲದ ಪಂಥಕ್ಕೆ ಮತ್ತೆ ಪರವಾನಗಿ ಕೊಡುವ ಕಾನೂನು ಮಾಡಿತು. ಕೊಸೊವೊದಲ್ಲಿ ಜೂಜಿನ ಅಂಗಡಿಗಳ ಇಬ್ಬರು ನೌಕರರ ಕೊಲೆಯಾದ ಮೇಲೆ 2019ರ ಮಾರ್ಚ್ ತಿಂಗಳಲ್ಲಿ ಸಂಸತ್ತು ಹತ್ತು ವರ್ಷಗಳ ನಿಷೇಧವನ್ನು ವಿಧಿಸಿತು. ಬೊಸ್ನಿಯಾದಲ್ಲಿ ಕಷ್ಟ ಇನ್ನೂ ಹೆಚ್ಚು. ಸರಾಯೆವೊದ ಹೊರವಲಯದಲ್ಲಿ ಎರಡು ಘಟಕಗಳ ಗಡಿ ಮನೆಗಳ ನಡುವೆಯೇ ಹಾದುಹೋಗಿದೆ. ಒಂದು ಕಡೆ ಮುಚ್ಚಿದ ಅಂಗಡಿ ಬೀದಿ ದಾಟಿ ಇನ್ನೊಂದು ಕಡೆ ತೆರೆಯುತ್ತದೆ, ತೆರಿಗೆಯೂ ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ಎರಡು ಕಡೆಯ ಮಂತ್ರಿಗಳೂ ಶಾಲೆಯಿಂದ ಎಷ್ಟು ಮೀಟರು ದೂರವಿರಬೇಕೆಂಬ ಚರ್ಚೆಯಲ್ಲಿಯೇ ಉಳಿದುಕೊಳ್ಳುವುದು ಆಶ್ಚರ್ಯವಲ್ಲ. ಮೊಬೈಲು ಹುಡುಗನ ಜೇಬಿನಲ್ಲೇ ಇರುವಾಗ ಮೀಟರಿನ ಲೆಕ್ಕದಿಂದ ಆಗುವುದೂ ಅಷ್ಟರಲ್ಲೇ ಇದೆ.

ವ್ಯಸನದ ವಿಷಯದಲ್ಲಿ ಆಡುವವನಿಗೆ ಉಪದೇಶಿಸುವುದು ಸುಲಭ, ಅಂಗಡಿಯವನನ್ನು ನಿಂದಿಸುವುದೂ ಸುಲಭ. ನನ್ನ ಮನಸ್ಸು ನಿಲ್ಲುವುದು ಅಂಗವಿಕಲರ ಸಂಘದ ಕಾರ್ಯದರ್ಶಿಯೊಬ್ಬನ ಮೇಜಿನ ಬಳಿ. ಅಂತಹವನೊಬ್ಬನನ್ನು ಊಹಿಸಿಕೊಳ್ಳಿ. ಯುದ್ಧದಲ್ಲಿ ಕಾಲು ಕಳೆದುಕೊಂಡವರಿಗೆ ಗಾಲಿಕುರ್ಚಿ ಕೊಡಿಸಬೇಕಾಗಿದೆ. ಅರ್ಜಿಯ ನಮೂನೆ ಬಂದಿದೆ. ಹಣ ಎಲ್ಲಿಂದ ಬರುತ್ತದೆಂದು ಅದರ ತಲೆಬರಹದಲ್ಲಿಯೇ ಬರೆದಿದೆ. ಅದನ್ನು ತುಂಬಿದರೆ, ಕದ್ದು ತಂದುದನ್ನು ಸ್ವೀಕರಿಸುವ ಅತಿಚಾರಕ್ಕೆ ಅವನು ಹತ್ತಿರವಾಗುತ್ತಾನೆ. ತುಂಬದಿದ್ದರೆ ಕುರ್ಚಿಯಿಲ್ಲ. ಆ ಕುರ್ಚಿಗೆ ಕಾದಿರುವವನ ಮಗನೇ ಬೀದಿಯ ಆಚೆ ಚೀಟಿ ಬರೆಸುತ್ತಿರಲೂಬಹುದು. ಹಿಂದೆ ವಕುಫ್ ಆಗಿದ್ದ ಕಟ್ಟಡಗಳನ್ನು ಹಿಂದಿರುಗಿಸುವ ಕಾನೂನಿಗಾಗಿ ಬೊಸ್ನಿಯಾದ ಇಸ್ಲಾಮೀ ಸಮುದಾಯ ದಶಕಗಳಿಂದ ಕೇಳುತ್ತ ಬಂದಿದೆ. 2024ರ ಕೊನೆಯವರೆಗೂ ಅಂತಹ ಕಾನೂನು ಇಡೀ ದೇಶಕ್ಕೆ ಆಗಿರಲಿಲ್ಲ. ಅದಾಗುವವರೆಗೆ ಕಾರ್ಯದರ್ಶಿಯು ನಮೂನೆಯನ್ನು ತುಂಬಲಿ ಎಂದೇ ನನ್ನ ಅಭಿಪ್ರಾಯ. ಆದರೆ ರಸೀದಿಯಲ್ಲಿ 'ದಾನ' ಎಂದು ಬರೆಯುವುದು ಬೇಡ.